ಬೇಹುಗಾರಿಕೆಯಿಂದ ಭೂಮಾಪನದವರೆಗೆ: ಥಾಮಸ್ ಮನ್ರೋ ಮತ್ತು ಬಳ್ಳಾರಿ ಸೀಮೆ

ಬಳ್ಳಾರಿ, ಸಿರುಗುಪ್ಪ ಹಾಗೂ ಕುರುಗೋಡು ಭಾಗದ ಯಾವುದೇ ರೈತನ ಪಹಣಿಯಲ್ಲಿ ಹೊಲದ ವಿಸ್ತೀರ್ಣವು ಎಕರೆ ಮತ್ತು ಗುಂಟೆಗಳಲ್ಲಿ ನಮೂದಾಗಿರುತ್ತದೆ. ಈ ಲೆಕ್ಕ ಎಷ್ಟು ಸಹಜವೆನಿಸಿದೆಯೆಂದರೆ, ಇದಕ್ಕೂ ಒಂದು ಆರಂಭವಿತ್ತೆಂಬುದು ಸಾಮಾನ್ಯವಾಗಿ ನೆನಪಿಗೆ ಬರುವುದಿಲ್ಲ. ಈ ಸೀಮೆಯ ನೆಲವನ್ನು ಹೊಲದಿಂದ ಹೊಲಕ್ಕೆ ಸರಪಳಿ ಹಿಡಿದು ಅಳೆಯುವ ಕಾರ್ಯವು 1802ರಲ್ಲಿ ಪ್ರಾರಂಭವಾಯಿತು. ಅದನ್ನು ಮಾಡಿಸಿದ ಥಾಮಸ್ ಮನ್ರೋ ಕಂದಾಯ ಇಲಾಖೆಯಲ್ಲಿ ಬೆಳೆದವನಲ್ಲ. ಆತನು ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸು ಸೈನ್ಯದ ಅಧಿಕಾರಿಯಾಗಿದ್ದು, ಸೇನೆಯ ಗುಪ್ತವಾರ್ತಾ ವಿಭಾಗದಲ್ಲಿ ತರಬೇತಿ ಪಡೆದಿದ್ದನು. ಶತ್ರುರಾಜ್ಯವನ್ನು ಅರಿಯಲು ಕಲಿತ ವಿದ್ಯೆಯು ಪ್ರಜೆಗಳನ್ನು ಆಳುವ ವಿದ್ಯೆಯಾಗಿ ಮಾರ್ಪಟ್ಟ ಬಗೆಯನ್ನೂ, ಅದು ಮದ್ರಾಸು ಹಾಗೂ ಲಂಡನ್ನಿನ ರಾಜಕೀಯದ ಮೇಲೆ ಬೀರಿದ ಪ್ರಭಾವವನ್ನೂ, ಬಳ್ಳಾರಿ ಸೀಮೆಯ ಜನ ಅದಕ್ಕೆ ತೆತ್ತ ಬೆಲೆಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ರೀಡ್ ಕಟ್ಟಿದ ವಾರ್ತಾಜಾಲ

ಮನ್ರೋ 1761ರ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದನು. ಸೈನ್ಯದ ಕೆಡೆಟ್ ಆಗಿ 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದನು. ಅದೇ ವರ್ಷ ಹೈದರ್ ಅಲಿಯು ಕರ್ನಾಟಿಕ್ ಪ್ರದೇಶದ ಮೇಲೆ ದಂಡೆತ್ತಿ ಬಂದಾಗ ಕಂಪನಿಯ ಸೈನ್ಯವು ಪೊಲ್ಲಿಲೂರಿನಲ್ಲಿ ಭಾರಿ ಸೋಲನ್ನು ಅನುಭವಿಸಿತು. ಶತ್ರುವಿನ ಚಲನವಲನಗಳ ಬಗ್ಗೆ ತನಗೆ ಏನೇನೂ ತಿಳಿಯದೆಂಬ ಕಹಿಸತ್ಯವು ಆ ಯುದ್ಧದಲ್ಲಿ ಕಂಪನಿಗೆ ಮನವರಿಕೆಯಾಯಿತು. ಹೈದರನ ಕುದುರೆ ಸವಾರರು ಮತ್ತು ಹರಿಕಾರರು ಕಂಪನಿಯ ಪಡೆಗಳ ಪ್ರತಿಯೊಂದು ಹೆಜ್ಜೆಯನ್ನೂ ಬಲ್ಲವರಾಗಿದ್ದರು. ಕಂಪನಿಯ ಪಡೆಗಳಾದರೋ ಮುಂದಿನ ಊರಿನಲ್ಲಿ ನೀರು ಸಿಗುವುದೋ ಇಲ್ಲವೋ ಎಂಬುದನ್ನೂ ಅರಿಯದೆ ನಡೆಯುತ್ತಿದ್ದವು.

ಈ ಕೊರತೆಯನ್ನು ನೀಗಿಸುವ ಹೊಣೆಯು ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್‌ಗೆ ಬಂದಿತು. 1788ರ ಆಗಸ್ಟ್ ತಿಂಗಳಲ್ಲಿ ಮನ್ರೋ ಆತನ ಸಹಾಯಕನಾಗಿ ಗುಪ್ತವಾರ್ತಾ ವಿಭಾಗಕ್ಕೆ ನೇಮಕಗೊಂಡನು. ಮೈಸೂರು ಗಡಿಗೆ ಸಮೀಪದ ಆಂಬೂರು ಅವರ ನೆಲೆಯಾಗಿತ್ತು. ಕೋಟೆಗಳ ಬಲಾಬಲ, ಘಟ್ಟದ ದಾರಿಗಳು, ಕೆರೆ ಬಾವಿಗಳು, ಧಾನ್ಯದ ಹಗೇವುಗಳು, ಮೇವು ದೊರೆಯುವ ಕಾಲ, ಪಾಳೆಯಗಾರರ ಒಲವು ನಿಲುವುಗಳು ಇವೆಲ್ಲವೂ ವರದಿಯ ವಿಷಯಗಳಾಗಿದ್ದವು. ಹರಿಕಾರರು, ಬರಹಬಲ್ಲ ಬ್ರಾಹ್ಮಣ ಗುಮಾಸ್ತರು, ವರ್ತಕರು ಹಾಗೂ ಎತ್ತುಗಳ ಮೇಲೆ ಧಾನ್ಯ ಹೇರಿ ಸೀಮೆಯಿಂದ ಸೀಮೆಗೆ ಸಂಚರಿಸುತ್ತಿದ್ದ ಬಂಜಾರರು ಅಂದರೆ ಲಂಬಾಣಿಗಳು ಈ ಜಾಲದ ಕೊಂಡಿಗಳಾಗಿದ್ದರು. ಪರ್ಷಿಯನ್ ಮತ್ತು ಹಿಂದೂಸ್ತಾನಿ ಭಾಷೆಗಳನ್ನು ಶ್ರಮವಹಿಸಿ ಕಲಿತಿದ್ದ ಮನ್ರೋಗೆ ಇಂತಹವರೊಡನೆ ನೇರ ವ್ಯವಹಾರ ಸಾಧ್ಯವಾಯಿತು.

ಮೂರನೆಯ ಮೈಸೂರು ಯುದ್ಧದಲ್ಲಿ (1790-92) ಈ ವಿಭಾಗದ ಮಹತ್ವವು ಸ್ಪಷ್ಟವಾಗಿ ಪ್ರಕಟವಾಯಿತು. 1791ರಲ್ಲಿ ಬೆಂಗಳೂರು ಕೋಟೆಯನ್ನು ವಶಪಡಿಸಿಕೊಂಡ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದವರೆಗೂ ಸಾಗಿದನಾದರೂ, ಧಾನ್ಯವಿಲ್ಲದೆ, ಎತ್ತುಗಳು ಸತ್ತು, ಭಾರದ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಅನಂತರ ಸೈನ್ಯಕ್ಕೆ ಧಾನ್ಯ ಒದಗಿಸುವ ಕೆಲಸದಲ್ಲಿ ರೀಡ್‌ನ ಬಂಜಾರ ಸಂಪರ್ಕಗಳು ಬಹುವಾಗಿ ನೆರವಾದವು. ಯಾವ ಊರಿನಲ್ಲಿ ಎಷ್ಟು ಬೆಳೆ, ಅದು ಯಾರ ಕೈಯಲ್ಲಿದೆ, ಅದನ್ನು ಹೊರಕ್ಕೆ ತರುವ ಬಗೆ ಹೇಗೆ ಎಂಬ ಪ್ರಶ್ನೆಗಳಿಗೆ ಉತ್ತರ ಬಲ್ಲವನೇ ಯುದ್ಧವನ್ನು ಗೆಲ್ಲುತ್ತಾನೆ ಎಂಬುದು ಮನ್ರೋ ಅಲ್ಲಿ ಕಲಿತ ಪಾಠ. ಇದೇ ಪ್ರಶ್ನೆಗಳು ಕಂದಾಯಾಧಿಕಾರಿಯ ಪ್ರಶ್ನೆಗಳೂ ಆಗಿವೆಯೆಂಬುದನ್ನು ಗಮನಿಸಬೇಕು. ಆದ್ದರಿಂದಲೇ 1792ರಲ್ಲಿ ಟಿಪ್ಪುವಿನಿಂದ ಪಡೆದ ಬಾರಾಮಹಲ್ ಪ್ರದೇಶದ ಆಡಳಿತವನ್ನು ಕಾರ್ನ್‌ವಾಲಿಸ್ ಮದ್ರಾಸಿನ ನಾಗರಿಕ ಅಧಿಕಾರಿಗಳಿಗೆ ವಹಿಸಲಿಲ್ಲ. ರೀಡ್‌ಗೂ ಆತನ ಸೇನಾ ಸಹಾಯಕರಿಗೂ ವಹಿಸಿದನು. ಮಧ್ಯವರ್ತಿಗಳನ್ನು ಬಿಟ್ಟು ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರಯತವಾರಿ ಪದ್ಧತಿಯು ಅಲ್ಲಿ ರೂಪ ತಳೆಯಿತು. ಬರ್ಟನ್ ಸ್ಟೈನ್ ಮತ್ತು ಸಿ. ಎ. ಬೇಯ್ಲಿಯಂತಹ ಇತಿಹಾಸಕಾರರು ರೀಡ್ ಮತ್ತು ಮನ್ರೋರ ಈ ಸೈನಿಕ ಹಿನ್ನೆಲೆಗೆ ವಿಶೇಷ ಮಹತ್ವ ನೀಡಿರುವುದು ಸಹಜವೇ ಆಗಿದೆ.

ದತ್ತಮಂಡಲ ಮತ್ತು ಪಾಳೆಯಗಾರರು

ಬಳ್ಳಾರಿ ಸೀಮೆಯು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹಲವು ಒಡೆಯರನ್ನು ಕಂಡಿತು. 1770ರ ದಶಕದಲ್ಲಿ ಹೈದರ್ ಅಲಿಯು ಬಳ್ಳಾರಿಯನ್ನು ಪಾಳೆಯಗಾರ ಮನೆತನದಿಂದ ಕಸಿದುಕೊಂಡನು. 1792 ಮತ್ತು 1799ರ ಒಪ್ಪಂದಗಳ ಮೂಲಕ ಈ ಭಾಗವು ಹೈದರಾಬಾದಿನ ನಿಜಾಮನ ಪಾಲಾಯಿತು. ತನ್ನ ರಾಜ್ಯದಲ್ಲಿ ನೆಲೆಗೊಳಿಸಿದ ಕಂಪನಿಯ ಸೈನ್ಯದ ವೆಚ್ಚಕ್ಕಾಗಿ ನಿಜಾಮನು 1800ರ ಅಕ್ಟೋಬರ್ 12ರ ಒಪ್ಪಂದದಂತೆ ಅದನ್ನು ಕಂಪನಿಗೆ ಬಿಟ್ಟುಕೊಟ್ಟನು. ಹೀಗೆ ಬಿಟ್ಟುಕೊಟ್ಟ ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಪ್ರದೇಶಗಳಿಗೆ ದತ್ತಮಂಡಲ ಅಥವಾ ಸೀಡೆಡ್ ಜಿಲ್ಲೆಗಳು ಎಂಬ ಹೆಸರಾಯಿತು. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ರಾಜ್ಯವನ್ನು ಹಂಚಿದ ಆಯೋಗಕ್ಕೆ ಜಾನ್ ಮಾಲ್ಕಮ್‌ನೊಡನೆ ಕಾರ್ಯದರ್ಶಿಯಾಗಿ, ಆಮೇಲೆ ಕೆನರಾ ಜಿಲ್ಲೆಯ ಕಲೆಕ್ಟರನಾಗಿ ದುಡಿದಿದ್ದ ಮನ್ರೋ, ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿ ನೇಮಕಗೊಂಡು 1807ರವರೆಗೆ ಇಲ್ಲಿದ್ದನು.

ಆತನು ಬಂದಾಗ ಈ ಪ್ರದೇಶದಲ್ಲಿ ಸುಮಾರು 80 ಮಂದಿ ಪಾಳೆಯಗಾರರಿದ್ದರು. ಅವರ ಅಧೀನದಲ್ಲಿ ಸುಮಾರು 30,000 ಆಯುಧಧಾರಿ ಬಂಟರಿದ್ದರು. ಜನರಲ್ ಡುಗಾಲ್ಡ್ ಕ್ಯಾಂಪ್‌ಬೆಲ್‌ನ ಸೇನೆಯು ಬೆಂಬಲಕ್ಕಿತ್ತು. ಆದರೆ ಮನ್ರೋ ಬಳಸಿದ ಮುಖ್ಯ ಅಸ್ತ್ರವು ಲೆಕ್ಕಪತ್ರವಾಗಿತ್ತು. ಹೈದರನ ಕಾಲದಲ್ಲಿ ಪ್ರತಿಯೊಬ್ಬ ಪಾಳೆಯಗಾರನಿಂದ ವಸೂಲಾಗುತ್ತಿದ್ದ ಪೇಷ್ಕಷ್ ಎಷ್ಟು, ಆತನ ವಶದಲ್ಲಿರುವ ಗ್ರಾಮಗಳ ನಿಜವಾದ ಹುಟ್ಟುವಳಿ ಎಷ್ಟು ಎಂಬುದನ್ನು ಹಳೆಯ ಲೆಕ್ಕಗಳಿಂದಲೂ ಶ್ಯಾನುಭೋಗರಿಂದಲೂ ತಿಳಿದುಕೊಂಡು, ಬಂಟರನ್ನು ಸಾಕಲು ಹಣವುಳಿಯದ ಮಟ್ಟಕ್ಕೆ ಬೇಡಿಕೆಯನ್ನು ಏರಿಸುವುದು ಆತನ ಕ್ರಮವಾಗಿತ್ತು. ಕೊಡಲೊಪ್ಪದವರ ವಿರುದ್ಧ ಸೇನೆಯು ನಡೆಯಿತು. ಹಲವರು ಪಾಳೆಯಪಟ್ಟುಗಳನ್ನು ಕಳೆದುಕೊಂಡು ದೇಶಾಂತರ ಹೋದರು, ಹಲವರು ಪಿಂಚಣಿದಾರರಾದರು. ಒಂದೂವರೆ ವರ್ಷದೊಳಗೆ ಸೀಮೆಯು ಬಹುಮಟ್ಟಿಗೆ ಕಂಪನಿಯ ಹಿಡಿತಕ್ಕೆ ಬಂದಿತು.

ಈ ಕ್ರಮವನ್ನು ಲಂಡನ್ನಿನ ನಿರ್ದೇಶಕ ಮಂಡಳಿಯೇ ಆಕ್ಷೇಪಿಸಿತು. ನಿಜಾಮನ ಕಾಲದಲ್ಲಿ ಹಕ್ಕು ಅನುಭವಿಸುತ್ತಿದ್ದವರನ್ನು ಹೀಗೆ ಹೊರದೂಡುವುದು ನ್ಯಾಯವೇ ಎಂಬುದು ಅದರ ಪ್ರಶ್ನೆಯಾಗಿತ್ತು. ಪಾಳೆಯಗಾರರ ಕಲಹಗಳಿಂದ ಹಳ್ಳಿಗಳು ಹಾಳುಬಿದ್ದಿವೆಯೆಂದೂ, ಅವರ ಬಲ ಮುರಿಯದೆ ರೈತನಿಗೆ ರಕ್ಷಣೆಯಿಲ್ಲವೆಂದೂ ಮನ್ರೋ ತನ್ನ ನಡೆಯನ್ನು ಸಮರ್ಥಿಸಿಕೊಂಡನು. ಈ ಸಮರ್ಥನೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಪಾಳೆಯಗಾರನೊಡನೆ ಆತನ ಬಂಟನೂ ಜೀವನೋಪಾಯ ಕಳೆದುಕೊಂಡನು. ಯುದ್ಧವೃತ್ತಿಯನ್ನೇ ನಂಬಿದ್ದ ಬೇಡ ಸಮುದಾಯದ ಕುಟುಂಬಗಳು ನೇಗಿಲು ಹಿಡಿಯಬೇಕಾಯಿತು. ಕೋಟೆಕೊತ್ತಲಗಳ ಊರುಗಳಾಗಿದ್ದ ಬಳ್ಳಾರಿ, ಕುರುಗೋಡು, ತೆಕ್ಕಲಕೋಟೆಗಳಂತಹ ಸ್ಥಳಗಳು ಕಂದಾಯದ ಪಟ್ಟಿಯೊಳಗಿನ ಊರುಗಳಾದವು.

ಸರಪಳಿ ಹಿಡಿದ ಹರಿಕಾರ

ಮನ್ರೋ ಪ್ರತಿ ವರ್ಷವೂ ಬಹುಕಾಲ ಡೇರೆಗಳಲ್ಲಿಯೇ ವಾಸಿಸುತ್ತ ಹಳ್ಳಿಯಿಂದ ಹಳ್ಳಿಗೆ ಸಂಚರಿಸಿದನು. ಆತನ ಕೈಕೆಳಗೆ ಉಪಕಲೆಕ್ಟರುಗಳಿದ್ದರು; ಅವರ ಪೈಕಿ ಆದವಾನಿ ವಿಭಾಗದ ವಿಲಿಯಂ ಥ್ಯಾಕರೆ ಮುಂದೆ ರಯತವಾರಿಯ ಪ್ರಬಲ ಪ್ರತಿಪಾದಕನಾದನು. 1802ರಲ್ಲಿ ಭೂಮಾಪನ ಆರಂಭವಾದಾಗ ಅಳತೆ ಬಲ್ಲ ಗುಮಾಸ್ತರು ನಾಲ್ವರು ಮಾತ್ರವಿದ್ದರು. ಅವರೇ ಇತರರಿಗೆ ಕಲಿಸಿದರು. ಕ್ರಮೇಣ ಸಂಖ್ಯೆಯು ನೂರರ ಸಮೀಪಕ್ಕೆ ಬೆಳೆಯಿತು. 33 ಅಡಿ ಉದ್ದದ ಸರಪಳಿಯು ಅಧಿಕೃತ ಮಾನವಾಗಿತ್ತು. ಸರಪಳಿಯ ಉದ್ದದಷ್ಟೇ ಅಗಲವುಳ್ಳ ಚೌಕವು, ಅಂದರೆ 1,089 ಚದರ ಅಡಿ, ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಇಂದಿಗೂ ಚಾಲ್ತಿಯಲ್ಲಿರುವ ಲೆಕ್ಕವು ಇದೇ ಆಗಿದೆ.

ಈ ಕಾರ್ಯದ ಸಂಘಟನೆಯಲ್ಲಿ ವಾರ್ತಾ ವಿಭಾಗದ ಪಾಠಗಳು ಎದ್ದುಕಾಣುತ್ತವೆ. ಒಬ್ಬ ಹರಿಕಾರನ ಸುದ್ದಿಯನ್ನು ಆತನಿಗೆ ತಿಳಿಯದಂತೆ ಮತ್ತೊಬ್ಬನಿಂದ ಖಚಿತಪಡಿಸಿಕೊಳ್ಳುವುದು ಬೇಹುಗಾರಿಕೆಯ ಮೂಲಸೂತ್ರ. ಅದರಂತೆಯೇ ಅಳೆಯುವವರ ಹಿಂದೆ ಪರೀಕ್ಷಿಸುವವರು, ಅವರ ಹಿಂದೆ ಕಂದಾಯದ ದರ ಗೊತ್ತುಮಾಡುವವರು ಸಾಗಿದರು. ಗ್ರಾಮದ ರೆಡ್ಡಿ, ಶ್ಯಾನುಭೋಗ ಹಾಗೂ ರೈತರ ಹೇಳಿಕೆಗಳನ್ನು ಪರಸ್ಪರ ತಾಳೆ ನೋಡಲಾಯಿತು. ಮುಚ್ಚಿಟ್ಟ ಹೊಲ, ಸುಳ್ಳು ಇನಾಮು, ಎರಡು ಬಗೆಯ ಲೆಕ್ಕದ ಕಡತ ಇವೆಲ್ಲ ಒಂದೊಂದಾಗಿ ಹೊರಬಿದ್ದವು. ತಲೆತಲಾಂತರದಿಂದ ಶ್ಯಾನುಭೋಗನ ನೆನಪು ಮತ್ತು ಕಡತಗಳಲ್ಲಿ ಅಡಗಿದ್ದ ಗ್ರಾಮದ ತಿಳಿವಳಿಕೆಯು ಕಲೆಕ್ಟರನ ಕಚೇರಿಗೆ ವರ್ಗವಾಯಿತು. ಕಂಪನಿಯು ಈ ಸೀಮೆಯಲ್ಲಿ ಸಾಧಿಸಿದ ನಿಜವಾದ ವಿಜಯ ಇದೆಂದರೆ ತಪ್ಪಾಗಲಾರದು.

ಆ ತಿಳಿವಳಿಕೆಯು ಯುದ್ಧಕ್ಕೂ ಒದಗಿತು. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯಕ್ಕೆ ದತ್ತಮಂಡಲದಿಂದ ಧಾನ್ಯವೂ ಜಾನುವಾರುಗಳೂ ಸರಬರಾಜಾದವು. ಅಸ್ಸಾಯೆ ಕದನದಲ್ಲಿ ತಾನು ಕೈಗೊಂಡ ನಿರ್ಧಾರಗಳನ್ನು ವೆಲ್ಲೆಸ್ಲಿಯು ಮನ್ರೋಗೆ ಪತ್ರಮುಖೇನ ವಿವರಿಸಿದ್ದು, ಸೈನಿಕ ವಿಚಾರಗಳಲ್ಲಿ ಈ ಕಲೆಕ್ಟರನ ಅಭಿಪ್ರಾಯಕ್ಕಿದ್ದ ಬೆಲೆಯನ್ನು ಸೂಚಿಸುತ್ತದೆ.

ನೂರಕ್ಕೆ ನಲವತ್ತೈದು

ಮನ್ರೋ ಆಡಳಿತದ ಏಳು ವರ್ಷಗಳಲ್ಲಿ ದತ್ತಮಂಡಲದ ಕಂದಾಯವು ಸುಮಾರು 4 ಲಕ್ಷ ಪೌಂಡುಗಳಿಂದ 6 ಲಕ್ಷ ಪೌಂಡುಗಳಿಗೆ ಏರಿತು. ಮದ್ರಾಸಿನಲ್ಲಿ ಇದು ಶ್ಲಾಘನೆಗೆ ಪಾತ್ರವಾಯಿತು. ಆದರೆ ಏರಿಸಿದವನಿಗೇ ಅದರ ಅರ್ಥ ಚೆನ್ನಾಗಿ ತಿಳಿದಿತ್ತು. ಸರ್ಕಾರದ ಬೇಡಿಕೆಯು ಒಟ್ಟು ಬೆಳೆಯ ನೂರಕ್ಕೆ 45 ಭಾಗದಷ್ಟಿದೆಯೆಂದು ಆತನೇ ಲೆಕ್ಕಹಾಕಿದನು. ಬಿತ್ತನೆ, ಎತ್ತು, ಆಳು, ಕೊಯ್ಲುಗಳ ವೆಚ್ಚವನ್ನು ರೈತನು ಉಳಿದ ಭಾಗದಲ್ಲಿಯೇ ಭರಿಸಬೇಕಿತ್ತು. ಮಳೆಯನ್ನೇ ನಂಬಿದ ಎರೆಭೂಮಿಯ ಈ ಸೀಮೆಯಲ್ಲಿ ಒಂದು ಮಳೆ ತಪ್ಪಿದರೆ ಸಾಲ, ಎರಡು ತಪ್ಪಿದರೆ ಹೊಲ ಬಿಟ್ಟು ಊರು ತೊರೆಯುವ ಪರಿಸ್ಥಿತಿ ಒದಗುತ್ತಿತ್ತು.

1807ರ ಆಗಸ್ಟ್‌ನಲ್ಲಿ, ಸ್ವದೇಶಕ್ಕೆ ಹೊರಡುವ ಮುನ್ನ, ಮನ್ರೋ ಮದ್ರಾಸು ಸರ್ಕಾರಕ್ಕೆ ಒಂದು ಮಹತ್ವದ ಸಲಹೆಯನ್ನು ಸಲ್ಲಿಸಿದನು. ಎಲ್ಲ ಭೂಮಿಗಳ ಕಂದಾಯದಲ್ಲಿ ನೂರಕ್ಕೆ 25ರಷ್ಟನ್ನೂ, ಬಾವಿಯಿಂದ ಅಥವಾ ನದಿಯಿಂದ ನೀರೆತ್ತಿ ಬೆಳೆಯುವ ಭೂಮಿಗೆ ನೂರಕ್ಕೆ 33ರಷ್ಟನ್ನೂ ಕಡಿಮೆ ಮಾಡಬೇಕೆಂಬುದು ಅದರ ಸಾರ. ಈ ವ್ಯತ್ಯಾಸದ ಹಿಂದೆ ನೆಲದ ನೇರ ಅರಿವಿತ್ತು. ಸಿರುಗುಪ್ಪ, ದೇಶನೂರುಗಳ ಗದ್ದೆಗಳಿಗೆ ತುಂಗಭದ್ರೆಯ ನೀರು ವಿಜಯನಗರ ಕಾಲದ ಕಾಲುವೆಗಳಲ್ಲಿ ತಾನಾಗಿಯೇ ಹರಿದುಬರುತ್ತಿತ್ತು. ಬಾವಿಯ ತೋಟದ ರೈತನಾದರೋ ಹಗಲಿರುಳು ಕಪಿಲೆ ಹೊಡೆದು ನೀರೆತ್ತಬೇಕು; ಅದಕ್ಕಾಗಿ ಎತ್ತು, ಹಗ್ಗ, ತೊಗಲಿನ ಬಾನೆಗಳನ್ನು ಹೊಂದಿಸಬೇಕು. ಇಬ್ಬರ ಬೆಳೆಯೂ ಸಮನಾಗಿ ಕಂಡರೂ ಇಬ್ಬರ ಕೈಗೆ ಉಳಿಯುವುದು ಸಮನಲ್ಲವೆಂಬುದನ್ನು ಈ ಸಲಹೆಯು ಒಪ್ಪಿಕೊಂಡಿತು. ಕಾಲುಭಾಗದ ಇಳಿಕೆಯಿಂದ ಸರ್ಕಾರದ ಪಾಲು 45ರಿಂದ ಸುಮಾರು 34ಕ್ಕೆ, ಅಂದರೆ ಬೆಳೆಯ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತಿತ್ತು.

ಯುದ್ಧಗಳ ವೆಚ್ಚದಲ್ಲಿ ಮುಳುಗಿದ್ದ ಸರ್ಕಾರವು ಇದನ್ನು ಒಪ್ಪಲಿಲ್ಲ. ಮನ್ರೋ ನಿರ್ಗಮಿಸಿದ ಬಳಿಕ ದತ್ತಮಂಡಲವು 1808ರಲ್ಲಿ ಬಳ್ಳಾರಿ ಮತ್ತು ಕಡಪ ಎಂಬ ಎರಡು ಜಿಲ್ಲೆಗಳಾಗಿ ವಿಭಜನೆಗೊಂಡಿತು. ರಯತವಾರಿಯ ಬದಲು ಗ್ರಾಮಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿಯು ಮೊದಲು ಮೂರು ವರ್ಷಕ್ಕೆ, ತರುವಾಯ ಹತ್ತು ವರ್ಷಕ್ಕೆ ಜಾರಿಗೆ ಬಂದಿತು. ಗುತ್ತಿಗೆಯ ಮೊತ್ತವನ್ನು ಹಳೆಯ ಏರಿದ ದರದ ಮೇಲೆಯೇ ನಿಗದಿಪಡಿಸಿದ್ದರಿಂದ ಗುತ್ತಿಗೆದಾರರೂ ದಿವಾಳಿಯಾದರು, ಅವರ ಒತ್ತಡಕ್ಕೆ ಸಿಲುಕಿ ರೈತರೂ ನಲುಗಿದರು. ಸೂಚಿಸಿದ ಇಳಿಕೆಯು ಜಾರಿಯಾಗಲು ಮನ್ರೋ ಸ್ವತಃ ಗವರ್ನರನಾಗಿ ಬರುವವರೆಗೆ, ಅಂದರೆ ಹದಿಮೂರು ವರ್ಷಗಳ ಕಾಲ, ಬಳ್ಳಾರಿಯ ರೈತರು ಕಾಯಬೇಕಾಯಿತು.

ಲಂಡನ್ನಿನಿಂದ ಮದ್ರಾಸಿಗೆ

ಇಂಗ್ಲೆಂಡಿನಲ್ಲಿ ಮನ್ರೋ ವಿಶ್ರಾಂತಿ ಜೀವನ ನಡೆಸಲಿಲ್ಲ. ಕಂಪನಿಯ ಆಡಳಿತವನ್ನು ಪರಿಶೀಲಿಸಿದ ಪಾರ್ಲಿಮೆಂಟಿನ ಸಮಿತಿಯು 1812ರಲ್ಲಿ ಪ್ರಕಟಿಸಿದ ಐದನೆಯ ವರದಿಯಲ್ಲಿ ದತ್ತಮಂಡಲದ ಅನುಭವವು ಪ್ರಮುಖ ಸ್ಥಾನ ಪಡೆಯಿತು. 1813ರಲ್ಲಿ ಕಂಪನಿಯ ಸನ್ನದಿನ ನವೀಕರಣ ಕಾಲದಲ್ಲಿ ಆತನು ಪಾರ್ಲಿಮೆಂಟಿನ ಮುಂದೆ ಸಾಕ್ಷ್ಯ ನುಡಿದನು. ಬಂಗಾಳದ ಜಮೀನ್ದಾರಿ ಪದ್ಧತಿಯನ್ನು ಮದ್ರಾಸಿಗೆ ವಿಸ್ತರಿಸುವ ಯೋಚನೆಯು ಹಿಂದೆ ಸರಿದು ರಯತವಾರಿಗೆ ಮನ್ನಣೆ ದೊರೆತದ್ದರಲ್ಲಿ ಆತನ ಪಾತ್ರ ಬಹು ದೊಡ್ಡದು. 1814ರಲ್ಲಿ ನ್ಯಾಯಾಡಳಿತ ಸುಧಾರಣೆಯ ಆಯೋಗದ ಮುಖ್ಯಸ್ಥನಾಗಿ ಮದ್ರಾಸಿಗೆ ಮರಳಿದನು. 1816ರ ಕಾನೂನುಗಳು ಮ್ಯಾಜಿಸ್ಟ್ರೇಟ್ ಅಧಿಕಾರವನ್ನು ಕಲೆಕ್ಟರನಿಗೆ ವಹಿಸಿದವು. ಗ್ರಾಮ ಮುನ್ಸೀಫ ಮತ್ತು ಪಂಚಾಯತಿಗಳಿಗೆ ಸಣ್ಣ ವ್ಯಾಜ್ಯಗಳ ತೀರ್ಮಾನವನ್ನು ಒಪ್ಪಿಸಿದವು. ಸುದ್ದಿ, ಕಂದಾಯ, ಶಿಕ್ಷೆ ಈ ಮೂರೂ ಒಬ್ಬನ ಕೈಯಲ್ಲಿರಬೇಕೆಂಬ ರೀಡ್ ಕಾಲದ ಸೈನಿಕ ನಂಬಿಕೆಯು ಹೀಗೆ ಶಾಸನರೂಪ ಪಡೆಯಿತು. ಸ್ವತಂತ್ರ ಭಾರತದ ಜಿಲ್ಲಾಧಿಕಾರಿಯ ಹುದ್ದೆಯಲ್ಲಿಯೂ ಅದರ ಛಾಯೆಯನ್ನು ಗುರುತಿಸಬಹುದು.

1817-18ರ ಯುದ್ಧದಲ್ಲಿ ಆತನು ಮತ್ತೆ ಸೈನಿಕನಾದನು. ಪೇಶ್ವೆಯ ಕೋರಿಕೆಯ ಮೇರೆಗೆ 1817ರ ಅಕ್ಟೋಬರಿನಲ್ಲಿ ಸಂಡೂರಿನ ಮೇಲೆ ನಡೆದಾಗ ಅಲ್ಲಿನ ಶಿವರಾವ್ ಘೋರ್ಪಡೆಯು ಯುದ್ಧವಿಲ್ಲದೆ ಕೋಟೆಯನ್ನು ಒಪ್ಪಿಸಿದನು. ಮರುವರ್ಷ ಪೇಶ್ವೆಯ ಅಧಿಕಾರವೇ ಅಳಿದಾಗ, ಮನ್ರೋನ ಶಿಫಾರಸಿನಂತೆ ಸಂಡೂರು ಶಿವರಾಯನಿಗೆ ಮರಳಿ ದೊರೆಯಿತು. ಅದರ ಸನ್ನದನ್ನು 1826ರಲ್ಲಿ ಮದ್ರಾಸು ಸರ್ಕಾರವು ನೀಡಿತು. ಬಳ್ಳಾರಿ ಜಿಲ್ಲೆಯ ನಡುವೆ ಒಂದು ಪುಟ್ಟ ಸಂಸ್ಥಾನವು ಸ್ವಾತಂತ್ರ್ಯದವರೆಗೂ ಉಳಿದುಬಂದುದಕ್ಕೆ ಕಾರಣ ಇದು. ತುಂಗಭದ್ರೆಯ ಉತ್ತರದಲ್ಲಿ ಅಲ್ಪ ಸೈನ್ಯದೊಡನೆ, ಸ್ಥಳೀಯ ಬಂಟರನ್ನು ಸೇರಿಸಿಕೊಂಡು, ಗದಗ, ಡಂಬಳ, ಬಾದಾಮಿ, ಬೆಳಗಾವಿಗಳನ್ನು ಆತನು ವಶಪಡಿಸಿಕೊಂಡನು. ಕೋಟೆಗೆ ಮೊದಲು ಹಳ್ಳಿಯನ್ನೂ ಅದರ ಕಂದಾಯವನ್ನೂ ಹಿಡಿಯುವುದು ಅಲ್ಲಿ ಆತನ ತಂತ್ರವಾಗಿತ್ತು.

ಶಾಲೆಗಳ ಲೆಕ್ಕ

1820ರಲ್ಲಿ ಮದ್ರಾಸಿನ ಗವರ್ನರನಾದ ಮನ್ರೋ ರಯತವಾರಿಯನ್ನು ಪುನಃ ಸ್ಥಾಪಿಸಿದನು. ಮಾಹಿತಿ ಸಂಗ್ರಹದ ಹಳೆಯ ಅಭ್ಯಾಸವು ಈ ಅವಧಿಯಲ್ಲಿ ಹೊಸ ದಿಕ್ಕಿಗೆ ಹೊರಳಿತು. 1822ರ ಜೂನ್ 25ರ ಟಿಪ್ಪಣಿಯಲ್ಲಿ, ಪ್ರತಿ ಜಿಲ್ಲೆಯ ದೇಶೀಯ ಶಾಲೆಗಳ ಹಾಗೂ ವಿದ್ಯಾರ್ಥಿಗಳ ಸಂಖ್ಯೆಯನ್ನು ವರದಿ ಮಾಡಬೇಕೆಂದು ಆತನು ಸೂಚಿಸಿದನು. ತೆಲುಗು ವ್ಯಾಕರಣದ ಕರ್ತೃವೂ ಆಗಿದ್ದ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಸಲ್ಲಿಸಿದ ಉತ್ತರವು ಇವುಗಳಲ್ಲಿ ಪ್ರಸಿದ್ಧವಾದುದು. ಅಂದಿನ ವಿಸ್ತಾರವಾದ ಬಳ್ಳಾರಿ ಜಿಲ್ಲೆಯ 9,27,857 ಜನಸಂಖ್ಯೆಗೆ 533 ಶಾಲೆಗಳಿದ್ದು, 6,641 ವಿದ್ಯಾರ್ಥಿಗಳು ಕಲಿಯುತ್ತಿದ್ದರು. ಅವರಲ್ಲಿ 60 ಮಂದಿ ಮಾತ್ರ ಬಾಲಕಿಯರು. ಶಾಲೆಗಳ ಪೈಕಿ 235 ಕನ್ನಡ, 226 ತೆಲುಗು, 23 ಮರಾಠಿ, 23 ಸಂಸ್ಕೃತ, 21 ಪರ್ಷಿಯನ್, 4 ತಮಿಳು ಮತ್ತು 1 ಇಂಗ್ಲಿಷ್ ಶಾಲೆಗಳಾಗಿದ್ದವು.

ಅಂಕಿಗಳಿಗಿಂತ ಕ್ಯಾಂಪ್‌ಬೆಲ್ ನೀಡಿದ ಕಾರಣಗಳು ಮುಖ್ಯವಾದವು. ಬಡತನದಿಂದಾಗಿ ಪೋಷಕರು ಮಕ್ಕಳಿಗೆ ವಿದ್ಯೆ ಕೊಡಿಸಲಾರರೆಂದೂ, ಯೂರೋಪಿನ ಬಟ್ಟೆಯ ಆಮದಿನಿಂದ ನೇಕಾರರು ನೆಲೆಗೆಟ್ಟರೆಂದೂ, ಹಿಂದಿನ ಅರಸರ ಕಾಲದಲ್ಲಿ ವಿದ್ಯೆಗೆ ದೊರೆಯುತ್ತಿದ್ದ ಆಶ್ರಯವು ಈಗಿಲ್ಲವೆಂದೂ ಆತನು ಬರೆದನು. ಕಂಪನಿಯ ಆಳ್ವಿಕೆಯ ಫಲಿತಾಂಶವನ್ನು ಕಂಪನಿಯ ಅಧಿಕಾರಿಯೇ ದಾಖಲಿಸಿದ ಈ ಪತ್ರವು ಮುಂದೆ ಧರ್ಮಪಾಲರಂತಹ ವಿದ್ವಾಂಸರ ಮೂಲಕ ವ್ಯಾಪಕ ಚರ್ಚೆಗೆ ಒಳಗಾಯಿತು. ಕ್ಯಾಂಪ್‌ಬೆಲ್ ವಿವರಿಸಿದ ಬಡತನದಲ್ಲಿ ನೂರಕ್ಕೆ ನಲವತ್ತೈದರ ಕಂದಾಯಕ್ಕೂ ಪಾಲಿತ್ತೆಂದು ಭಾವಿಸುವುದು ಅಸಂಗತವಲ್ಲ. 1824ರ ಕೊನೆಯಲ್ಲಿ ಬರೆದ ಸುದೀರ್ಘ ಟಿಪ್ಪಣಿಯಲ್ಲಿ ಮನ್ರೋ, ಭಾರತೀಯರನ್ನು ಉನ್ನತ ಹುದ್ದೆಗಳಿಂದ ದೂರವಿರಿಸುವುದು ಇಡೀ ಜನಾಂಗವನ್ನು ಕುಗ್ಗಿಸುತ್ತದೆಯೆಂದೂ, ಅವರು ತಮ್ಮನ್ನು ತಾವೇ ಆಳಿಕೊಳ್ಳುವ ದಿನ ಬರಬೇಕೆಂದೂ ವಾದಿಸಿದನು.

ಸಾವು, ಸ್ಮೃತಿ, ಮೌಲ್ಯಮಾಪನ

ಅಧಿಕಾರ ಬಿಡುವ ಮುನ್ನ ದತ್ತಮಂಡಲವನ್ನು ಕೊನೆಯ ಬಾರಿ ನೋಡಲು ಹೊರಟ ಮನ್ರೋ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ಮರಣ ಹೊಂದಿದನು. ಗುತ್ತಿಯಲ್ಲಿ ಸಮಾಧಿ ಮಾಡಲಾಗಿದ್ದ ದೇಹವನ್ನು 1831ರಲ್ಲಿ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಚರ್ಚಿಗೆ ಸಾಗಿಸಲಾಯಿತು. ಮಂತ್ರಾಲಯದಲ್ಲಿ ಶ್ರೀ ರಾಘವೇಂದ್ರ ಸ್ವಾಮಿಗಳು ಆತನಿಗೆ ದರ್ಶನವಿತ್ತು ಮಠದ ಇನಾಮಿನ ಸಂಶಯವನ್ನು ಪರಿಹರಿಸಿದರೆಂಬ ಐತಿಹ್ಯವು ಇಂದಿಗೂ ಭಕ್ತರಲ್ಲಿ ಪ್ರಚಲಿತವಾಗಿದೆ. ಈ ಭಾಗದಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುವ ರೂಢಿಯೂ ಇತ್ತು. ಇನಾಮಿನ ತನಿಖೆಯು ಮಠಮಾನ್ಯಗಳಿಂದ ಹಿಡಿದು ಸಾಮಾನ್ಯ ರೈತನವರೆಗೆ ಎಷ್ಟು ಆತಂಕ ಮೂಡಿಸಿತ್ತೆಂಬುದಕ್ಕೂ ಆ ಐತಿಹ್ಯವು ಪರೋಕ್ಷ ಸಾಕ್ಷಿಯಾಗಿದೆ.

ಮನ್ರೋನ ವೃತ್ತಿಜೀವನವನ್ನು ಕರುಣಾಳು ದೊರೆಯ ಕಥೆಯಾಗಿಯೂ ಕೇವಲ ಶೋಷಕನ ಕಥೆಯಾಗಿಯೂ ಓದಿರುವುದುಂಟು. ಬಳ್ಳಾರಿ ಸೀಮೆಯ ಸಾಕ್ಷ್ಯಗಳು ಎರಡಕ್ಕೂ ಪೂರ್ಣವಾಗಿ ಒಗ್ಗುವುದಿಲ್ಲ. ಆತನು ಸಂಗ್ರಹಿಸಿದ ತಿಳಿವಳಿಕೆಯು ಪಾಳೆಯಗಾರನನ್ನು ನಿರಾಯುಧನನ್ನಾಗಿಸಿತು, ಕಂದಾಯವನ್ನು ಏರಿಸಿತು, ರೈತನ ಹೆಸರನ್ನು ಹೊಲದ ಪಕ್ಕದಲ್ಲಿ ಬರೆಯಿತು. ಕೊನೆಗೆ ಆ ಕಂದಾಯವು ಅತಿಯಾಯಿತೆಂಬುದನ್ನೂ ಅದೇ ತಿಳಿವಳಿಕೆಯು ಆತನಿಗೆ ತೋರಿಸಿಕೊಟ್ಟಿತು. ಆದರೆ ತಿಳಿದವನ ಮಾತನ್ನು ಅಧಿಕಾರವು ಕೇಳುವ ಹೊತ್ತಿಗೆ ಒಂದು ತಲೆಮಾರಿನ ರೈತರು ಅದರ ಬೆಲೆ ತೆತ್ತಾಗಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದಲ್ಲಿ ಉಳಿದವು. 2021ರಲ್ಲಿ ವಿಜಯನಗರ ಜಿಲ್ಲೆಯು ಬೇರ್ಪಟ್ಟಿತು. ಗಡಿಗಳು ಹೀಗೆ ಬದಲಾದರೂ, ಕುರುಗೋಡಿನ ಎರೆಹೊಲವೂ ಸಿರುಗುಪ್ಪದ ಗದ್ದೆಯೂ ಮೂವತ್ತಮೂರು ಅಡಿ ಸರಪಳಿಯಿಂದ ಹುಟ್ಟಿದ ಗುಂಟೆಯಲ್ಲಿಯೇ ಈಗಲೂ ಲೆಕ್ಕಕ್ಕೆ ಸಿಗುತ್ತವೆ.